ಗಂಟಲ ಗುರುತು

ಮೂಳೆಯವರದು ಆಗಲೇ ಇತ್ತು, ಕಣ್ಣಿನವರದೂ.
ನಾವೇ ತಡ, ಎಂದರು ಡಾಕ್ಟರ್ ನೇಮಗೌಡ,
ಮಂದಿಯನ್ನು ಮಲಗಿಸುತ್ತ ಮಲಗಿಸುತ್ತ ನಾವೇ ಮಲಗಿಬಿಟ್ಟೆವು.
ಎಲ್ಲರೂ ನಕ್ಕೆವು. ನಕ್ಕ ಮೇಲೆ ಚಂದಾ ನಿಗದಿಯಾಯಿತು:
ತಲೆಗೆ ಐದು ಸಾವಿರ, ನಿವೃತ್ತರಿಗೆ ಅರ್ಧ.
ಅರಿವಳಿಕೆ ತಜ್ಞರ ರಾಜ್ಯ ಸಂಘ,
ಅದರಡಿಯಲ್ಲಿ ರಾಜಕೀಯ ಕ್ರಿಯಾ ಸಮಿತಿ,
ಅದರಡಿಯಲ್ಲಿ ನಾನು, ಖಜಾಂಚಿ,
ಅಕ್ಷರ ದುಂಡಗಿವೆ ಎಂಬ ಒಂದೇ ಕಾರಣಕ್ಕೆ.

ಡಿಸೆಂಬರಿನ ಬೆಳಗಾವಿ. ಅಧಿವೇಶನದ ಎರಡನೇ ವಾರ.
ಹೆದ್ದಾರಿಯಿಂದಲೇ ಕಾಣುವ ಆ ಬಿಳಿ ಸೌಧ
ವರ್ಷಕ್ಕೆ ಹತ್ತು ದಿನ ಕಣ್ಣು ತೆರೆಯುತ್ತದೆ.
ಉಳಿದಂತೆ ನಮ್ಮ ಟೇಬಲ್ ಮೇಲಿನವರ ಹಾಗೆ:
ಉಸಿರು ಸರಿಯಾಗಿದೆ, ಎಚ್ಚರವಿಲ್ಲ.
ಕೊಂಡಸಕೊಪ್ಪದ ಟೆಂಟುಗಳನ್ನು ದಾಟಿ ಹೋಯಿತು ಕಾರು.
ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯರು
ಚಳಿಯಲ್ಲಿ ತಾಟು ಬಡಿಯುತ್ತಿದ್ದರು.
ನಮಗೆ ಪಾಸು ಇತ್ತು.
ಕಾಲ ಬಳಿ ಇಪ್ಪತ್ತನಾಲ್ಕು ಡಬ್ಬಿ ಕುಂದಾ,
ಪುಸ್ತಕದಲ್ಲಿ ಅದು ‘ಇತರೆ ಖರ್ಚು’.

ಬೆಂಚಿನ ಮೇಲೆ ಎರಡು ತಾಸು.
ಆಪ್ತ ಸಹಾಯಕ ಬಂದು ಕೇಳಿದ, ಹಲ್ಲಿನವರೇನ್ರಿ?
ಅಲ್ಲ.
ಹಂಗಾರ ಮತ್ತ?
ಇನಾಮದಾರರು ವಿವರಿಸತೊಡಗಿದರು,
ಆತ ಫೋನು ಕಿವಿಗಿಟ್ಟುಕೊಂಡ.

ಒಳಗೆ ಶಾಸಕರು. ಹೆಸರು ಬೇಡ.
ಮನವಿಯನ್ನು ಓದಲಿಲ್ಲ, ಕೈಯಲ್ಲಿ ತೂಗಿ ನೋಡಿದರು.
ತಾಲೂಕಿಗೊಂದು ಹುದ್ದೆ, ರಾತ್ರಿಯ ಕರೆಗೆ ಭತ್ಯೆ,
ಕಲಿಯದವರು ಅರಿವಳಿಕೆ ಕೊಡದಂತೆ ಒಂದು ಕಾನೂನು,
ನೇಮಗೌಡರು ಬೆರಳು ಮಡಿಚಿದರು.
“ಅಲ್ರಿ, ನೀವು ಸೂಜಿ ಚುಚ್ಚಿ ಮಲಗಸ್ತೀರಿ.
ಕೊಯ್ಯಾಂವ ಬ್ಯಾರೆ, ಹೊಲಿಯಾಂವ ಬ್ಯಾರೆ.
ಇಡೀ ರಾಜ್ಯದಾಗ ನಿಮ್ಮ ಮಂದಿ ಎಷ್ಟು?”
ನಾನು ಹೇಳಿದೆ. ಚಂದಾ ಬಾಕಿ ಇದ್ದವರನ್ನೂ ಸೇರಿಸಿ.
“ನಮ್ಮೂರಾಗ ಒಂದು ಓಣಿ ಆಗಂಗಿಲ್ಲಲ್ರಿ ಬಾಯಾರ!”
ತಲೆ ಹಿಂದಕ್ಕೆ ಚೆಲ್ಲಿ, ಬಾಯ್ತುಂಬ ನಕ್ಕರು.

ಆಗ ಕಂಡಿತು.

ನಮಗೆ ಮುಖ ನೆನಪಿರುವುದಿಲ್ಲ,
ಮುಖದ ಮೇಲೆ ನಾವೇ ಮಾಸ್ಕು ಒತ್ತಿ ಹಿಡಿಯುತ್ತೇವೆ.
ಗಂಟಲು ನೆನಪಿರುತ್ತದೆ.
ಮೋಟು ಕುತ್ತಿಗೆ, ದಪ್ಪ ನಾಲಿಗೆ, ಹಿಂದೆ ಸರಿದ ದವಡೆ,
ಏನು ಮಾಡಿದರೂ ಕಾಣದ ಕಿರುನಾಲಿಗೆ.
ನಾಲ್ಕು ವರ್ಷದ ಹಿಂದೆ, ಪಿತ್ತಕೋಶ, ರಾತ್ರಿ ಒಂದೂವರೆ.
ಪತ್ರಿಕೆಯವರಿಗೆ ತಿಳಿಯಬಾರದೆಂದು ಬೇರೆ ಹೆಸರು.
ಮೇಲಿನ ಹಲ್ಲಿನ ಸೆಟ್ಟು ತೆಗೆದು ನನ್ನ ಅಂಗೈಯಲ್ಲಿಟ್ಟು
ಬೊಚ್ಚುಬಾಯಿಂದ ಕೇಳಿದ್ದರು,
“ತಂಗಿ, ಏಳ್ತೇನಲ್ಲ?”
ನಳಿಗೆ ಇಳಿದದ್ದು ಮೂರನೆಯ ಸಲಕ್ಕೆ.
ಅಷ್ಟರೊಳಗೆ ಪರದೆಯ ಮೇಲಿನ ಅಂಕಿ
ತೊಂಬತ್ತು, ಎಂಬತ್ತಾರು, ಎಪ್ಪತ್ತೊಂಬತ್ತು.
ಅಷ್ಟು ಹೊತ್ತು ಅವರ ಕ್ಷೇತ್ರದಲ್ಲಿ
ಇದ್ದ ಮತದಾರಳು ನಾನೊಬ್ಬಳೇ.

ಹೇಳಬಹುದಿತ್ತು.
ನೇಮಗೌಡರಿಗೆ ಗೊತ್ತಿದ್ದರೆ ಹೇಳಿಯೇಬಿಡುತ್ತಿದ್ದರೇನೋ,
ಸಮಿತಿ ಮತ್ತೆ ಯಾತಕ್ಕೆ?
ನಾನು ಕುಂದಾ ಡಬ್ಬಿ ಮೇಜಿನ ಮೇಲಿಟ್ಟೆ.
“ಸಕ್ಕರಿ ಐತ್ರಿ ನನಗ.”
ಗೊತ್ತು, ಅಂದೆ. ಬಾಯಿ ತಪ್ಪಿ.
ನನ್ನತ್ತ ನೋಡಿದರು. ಮುಖವನ್ನಲ್ಲ, ಕಣ್ಣನ್ನು,
ಮಾಸ್ಕಿನ ಮೇಲೆ ಉಳಿಯುವಷ್ಟನ್ನು.
ಕೈ ಹಲ್ಲಿನ ಹತ್ತಿರ ಹೋಗಿ ಮೀಸೆ ತಿದ್ದಿಕೊಂಡಿತು.
ಸದನದ ಗಂಟೆ ಬಾರಿಸಿತು. ಎದ್ದರು.

ಮನವಿಗೆ ಠಸ್ಸೆ ಬಿತ್ತು, ಸಂಖ್ಯೆ ನಾನೂರ ಹದಿನೇಳು.
ಮೆಟ್ಟಿಲ ಮೇಲೆ ಫೋಟೊ ತೆಗೆಸಿಕೊಳ್ಳುವಾಗ
ಬೈಲಹೊಂಗಲದಿಂದ ಫೋನು:
ಮೇಡಂ, ಸಿಸೇರಿಯನ್ ಐತಿ, ಯಾರೂ ಸಿಗವಲ್ರು.
ಸಿಗುವುದು ಹೇಗೆ? ಆ ಕಡೆಯ ಮೂವರೂ
ಒಂದೇ ಫೋಟೊದಲ್ಲಿ ನಿಂತಿದ್ದೆವು.

ಹಿರೇಬಾಗೇವಾಡಿ ದಾಟುವಾಗ ಮಬ್ಬು.
ಮುಟ್ಟಿದ ಮೇಲೆ ಕೈ ತೊಳೆದೆ, ಸೂಜಿ ತೆಗೆದೆ.
ಬೆನ್ನು ಬಾಗಸವ್ವ, ಇನ್ನಾ ಸ್ವಲ್ಪ, ಗದ್ದ ಎದಿಗೆ ಹಚ್ಚು.
ಒಂದು ನೋವಿಗೂ ಮತ್ತೊಂದು ನೋವಿಗೂ ನಡುವೆ
ಆ ಹುಡುಗಿ ಓರೆಗಣ್ಣಿಂದ ನೋಡಿ ಕೇಳಿದಳು,
ಅದೇನ್ರಿ ಕೊರಳಾಗ?

ಪಾಸು, ಅಂದೆ.
ಅಳ್ಳಾಡಬ್ಯಾಡ.